ಗಂಧದ ಮರ ಮತ್ತು ನಾಲ್ವಡಿ ಕೃಷ್ಣರಾಜ ಒಡೆಯರು

ಸ್ಯಾನ್ ರಮೋನ್: ಜೂನ್ 4 ಮೈಸೂರಿನ ಮಹಾರಾಜರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ ಜನ್ಮದಿನ. ಅವರ ಹೆಸರು ಹೇಳಿದೊಡನೆ ನಮಗೆ ಕನ್ನಂಬಾಡಿ ಕಟ್ಟೆ, ಮೈಸೂರು ವಿಶ್ವವಿದ್ಯಾನಿಲಯ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನೆನಪಾಗುತ್ತವೆ. ಇವುಗಳ ಬಗ್ಗೆ ಸಾಕಷ್ಟು ಬರೆದಿದ್ದಾರೆ, ನಾವೂ ಮಕ್ಕಳಿಗೆ ಹೇಳಿದ್ದೇವೆ. ಈ ಬಾರಿ ಅವರ ಜೀವನವನ್ನು ಒಂದು ಮರದ ಜೊತೆಗಿಟ್ಟು ನೋಡೋಣ. ಅದು ಶ್ರೀಗಂಧದ ಮರ. ಇಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಸಿಗುವ ಮೈಸೂರ್ ಸ್ಯಾಂಡಲ್ ಸೋಪು, ದೇವರ ಮನೆಯ ಗಂಧದ ಕೊರಡು, ಆಯುರ್ವೇದದ ಚಂದನಾಸವ ಎಲ್ಲದರ ಮೂಲವೂ ಈ ಮರವೇ.

ಇದನ್ನು ಈಗ ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಪಿತ್ರಾರ್ಜಿತ ಜಮೀನಿದೆ. ಅಲ್ಲಿ ಗಂಧ ಹಾಕಿದರೆ ಹೇಗೆ ಎಂಬ ಮಾತು ಊಟದ ಹೊತ್ತಿನಲ್ಲಿ ಆಗಾಗ ಬರುತ್ತದೆ. ಗಂಧದ ಮರವನ್ನು ಬೆಳೆಸುವುದು, ಮಾರುವುದು ಮತ್ತು ಉಳಿಸುವುದು ಈ ಮೂರೂ ಒಟ್ಟಿಗೆ ಆಗಬಹುದೇ? ಈ ಪ್ರಶ್ನೆಗೆ ನಾಲ್ವಡಿಯವರ ಕಾಲದಲ್ಲಿ ಅರ್ಧ ಉತ್ತರ ಸಿಕ್ಕಿತ್ತು. ಉಳಿದರ್ಧ ಸಿಗಲು ಅವರು ತೀರಿಕೊಂಡ ಮೇಲೆ ಅರವತ್ತು ವರ್ಷ ಬೇಕಾಯಿತು.

ಬಾಲಕ ಮಹಾರಾಜ

ನಾಲ್ವಡಿಯವರು ಹುಟ್ಟಿದ್ದು 1884ರಲ್ಲಿ, ಮೈಸೂರಿನಲ್ಲಿ. ತಂದೆ ಹತ್ತನೆಯ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿದ್ದಾಗ ಗಂಟಲುಮಾರಿ ರೋಗದಿಂದ ತೀರಿಕೊಂಡರು. ಆಗ ಹುಡುಗನಿಗೆ ಹತ್ತೇ ವರ್ಷ. 1895ರ ಫೆಬ್ರವರಿಯಲ್ಲಿ ಪಟ್ಟವಾಯಿತು. ಆಡಳಿತ ನಡೆಸಿದವರು ತಾಯಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು. 1897ರಲ್ಲಿ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ಅದೇ ಸುಮಾರಿಗೆ ಸಂಸ್ಥಾನಕ್ಕೆ ಪ್ಲೇಗೂ ಬಂತು. ಇಷ್ಟೆಲ್ಲದರ ನಡುವೆಯೂ ಮಹಾರಾಣಿಯವರು ಶಿವನಸಮುದ್ರದ ವಿದ್ಯುತ್ ಯೋಜನೆಯನ್ನು ಕೈಗೆತ್ತಿಕೊಂಡರು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಅದೇ ವರ್ಷದ ಆಗಸ್ಟ್ 8ರಂದು ವೈಸ್‌ರಾಯ್ ಲಾರ್ಡ್ ಕರ್ಜನ್ನರ ಸಮ್ಮುಖದಲ್ಲಿ ಹದಿನೆಂಟರ ನಾಲ್ವಡಿಯವರು ಅಧಿಕಾರ ವಹಿಸಿಕೊಂಡರು.

ರಾಜ್ಯದ ಜೊತೆಗೆ ಅವರ ಕೈಗೆ ಬಂದ ಆಸ್ತಿಯಲ್ಲಿ ಗಂಧದ ಕಾಡೂ ಒಂದು. ಸಂಸ್ಥಾನದ ಅರಣ್ಯದ ಆದಾಯದಲ್ಲಿ ದೊಡ್ಡ ಪಾಲು ಗಂಧದಿಂದಲೇ ಬರುತ್ತಿತ್ತು. ಕಾಡಿನಲ್ಲಿ ಮಾತ್ರವಲ್ಲ, ರೈತನ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧದ ಮರವೂ ಸರ್ಕಾರದ್ದೇ ಆಗಿತ್ತು. ಇದು ಹಳೆಯ ಏರ್ಪಾಡು. 1792ರಲ್ಲಿ ಟಿಪ್ಪು ಸುಲ್ತಾನರು ಗಂಧವನ್ನು ರಾಜವೃಕ್ಷವೆಂದು ಸಾರಿದ್ದರು. ಟಿಪ್ಪುವಿನ ನಂತರ ಬಂದ ಒಡೆಯರು, ಕಮಿಷನರುಗಳು, ಮತ್ತೆ ಒಡೆಯರು, ಯಾರೂ ಅದನ್ನು ಕೈಬಿಡಲಿಲ್ಲ. ಮರವನ್ನು ಕಾಯುವ ಹೊಣೆ ಜಮೀನಿನ ಒಡೆಯನದು, ಕಡಿಯುವ ಹಕ್ಕು ಸರ್ಕಾರದ್ದು. ಬೆಲೆಯಲ್ಲಿ ಸ್ವಲ್ಪ ಪಾಲು ರೈತನಿಗೆ ಸಿಗುತ್ತಿದ್ದರೂ ಮರ ಕಳುವಾದರೆ ಮೊದಲು ವಿಚಾರಣೆಗೆ ಒಳಗಾಗುತ್ತಿದ್ದವನು ಅವನೇ. ಹೀಗಾಗಿ ಹೊಲದಲ್ಲಿ ಗಂಧದ ಸಸಿ ಕಂಡರೆ ಬೇಡದ ತಲೆನೋವೆಂದು ಕಿತ್ತೊಗೆಯುವುದು ನಮ್ಮ ಹಳ್ಳಿಗಳಲ್ಲಿ ರೂಢಿಯಾಗಿ ಹೋಯಿತು.

ಮರದ ಸ್ವಭಾವ

ಮುಂದಿನ ಕಥೆ ತಿಳಿಯಬೇಕಾದರೆ ಈ ಮರದ ಸ್ವಭಾವ ಸ್ವಲ್ಪ ಗೊತ್ತಿರಬೇಕು. ಗಂಧ ಅರೆ ಪರಾವಲಂಬಿ. ಎಲೆಯಲ್ಲಿ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆದರೆ ಬೇರಿನಿಂದ ಪಕ್ಕದ ಗಿಡಗಳ ಬೇರನ್ನು ಹಿಡಿದು ನೀರು ಮತ್ತು ಲವಣಗಳನ್ನು ಹೀರುತ್ತದೆ. ಒಂಟಿಯಾಗಿ ನೆಟ್ಟರೆ ಸೊರಗುತ್ತದೆ. ಹೊಂಗೆ, ಬೇವು, ಸರ್ವೆ, ತೊಗರಿ ಹೀಗೆ ನೂರಾರು ಗಿಡಗಳ ಜೊತೆ ಅದು ಬಾಳಬಲ್ಲದು.

ನಮ್ಮ ಮಕ್ಕಳಿಗೆ ಇದನ್ನು ತೋರಿಸಿ ಹೇಳುವುದಕ್ಕೆ ಒಂದು ಸುಲಭದ ದಾರಿ ಇದೆ. ಚಳಿಗಾಲದಲ್ಲಿ ಮೌಂಟ್ ಡಯಾಬ್ಲೊ ಕಡೆಗೆ ನಡೆದು ಹೋದರೆ ಎಲೆ ಉದುರಿದ ಓಕ್ ಮರಗಳ ಮೇಲೆ ಹಸಿರು ಚೆಂಡಿನಂಥ ಪೊದೆಗಳು ಕಾಣುತ್ತವೆ. ಅದು ಮಿಸಲ್‌ಟೋ, ನಮ್ಮ ಬದನಿಕೆಯ ಜಾತಿಯದು. ಇಂದಿನ ಸಸ್ಯಶಾಸ್ತ್ರಜ್ಞರು ಅದನ್ನು ಗಂಧದ ಕುಟುಂಬಕ್ಕೇ ಸೇರಿಸುತ್ತಾರೆ. ಬದನಿಕೆ ಕೊಂಬೆಯ ಮೇಲೆ ಮಾಡುವ ಕೆಲಸವನ್ನು ಗಂಧ ನೆಲದೊಳಗೆ ಮಾಡುತ್ತದೆ. ಎರಡರ ಹಣ್ಣನ್ನೂ ತಿಂದು ಬೀಜ ಹರಡುವವು ಹಕ್ಕಿಗಳೇ.

ಸುವಾಸನೆ ಮತ್ತು ಔಷಧಗುಣ ಇರುವುದು ಮರದ ತಿರುಳಿನಲ್ಲಿ, ಬೇರಿನಲ್ಲಿ. ಹೊರಗಿನ ಬಿಳಿ ಮರಕ್ಕೆ ವಾಸನೆಯಿಲ್ಲ. ತಿರುಳು ಕಟ್ಟಲು ಹತ್ತು ಹದಿನೈದು ವರ್ಷವಾದರೂ ಬೇಕು, ಒಳ್ಳೆಯ ತಿರುಳಿಗೆ ಮೂವತ್ತು ವರ್ಷ ದಾಟಬೇಕು. ಬೇರಿನಲ್ಲಿ ಎಣ್ಣೆಯ ಅಂಶ ಹೆಚ್ಚು. ಆದ್ದರಿಂದ ಗಂಧದ ಮರವನ್ನು ಬುಡಕ್ಕೆ ಕೊಡಲಿ ಹಾಕಿ ಕಡಿಯುವುದಿಲ್ಲ, ಬೇರುಸಮೇತ ಅಗೆದು ತೆಗೆಯುತ್ತಾರೆ. ಅಂದರೆ ಒಂದು ಮರ ತೆಗೆದರೆ ಅದರ ಜಾಗದಲ್ಲಿ ಮತ್ತೊಂದು ಬೆಳೆದು ನಿಲ್ಲಲು ಒಂದು ತಲೆಮಾರು ಕಾಯಬೇಕು.

ವಿಜ್ಞಾನಕ್ಕೆ ಕೊಟ್ಟ ಜಾಗ

ನಾಲ್ವಡಿಯವರು ಮಿತಭಾಷಿ, ದೈವಭಕ್ತರು, ಸಂಗೀತಪ್ರಿಯರು. ವೀಣೆ, ಪಿಟೀಲು, ಕೊಳಲಿನ ಜೊತೆಗೆ ಪಾಶ್ಚಾತ್ಯ ವಾದ್ಯಗಳನ್ನೂ ನುಡಿಸುತ್ತಿದ್ದರು. ಆಡಳಿತದಲ್ಲಿ ಮಾತ್ರ ಅವರ ನಂಬಿಕೆ ತಜ್ಞರ ಮೇಲೆ. ಜಮ್ಷೆಟ್‌ಜಿ ಟಾಟಾ ಅವರ ಕನಸಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬೆಂಗಳೂರಿನಲ್ಲಿ 371 ಎಕರೆ ಜಾಗ ಕೊಟ್ಟದ್ದು ಮೈಸೂರು ಸರ್ಕಾರ. 1911ರಲ್ಲಿ ಅಲ್ಲಿ ಪಾಠ ಆರಂಭವಾಯಿತು. 1908ರಲ್ಲಿ ಮೈಸೂರಿನಲ್ಲಿ ಆಯುರ್ವೇದ ಕಾಲೇಜು ಶುರುವಾಯಿತು. ಅದೇ ವರ್ಷ ಕೆನಡಾದಿಂದ ಲೆಸ್ಲಿ ಕೋಲ್ಮನ್ ಎಂಬ ಸಸ್ಯರೋಗ ತಜ್ಞರು ಬಂದರು. ಮಲೆನಾಡಿನ ಅಡಿಕೆಗೆ ಬರುತ್ತಿದ್ದ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ರೈತರಿಗೆ ಕಲಿಸಿದವರು ಅವರು. ನಮ್ಮ ಊರುಗಳಲ್ಲಿ ಮಳೆಗಾಲಕ್ಕೆ ಮುಂಚೆ ಇಂದಿಗೂ ಅದೇ ಮದ್ದು ಹೊಡೆಯುತ್ತಾರೆ. 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಹುಟ್ಟಿತು. ಮರುವರ್ಷ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ದಿವಾನರಾದರು.

ಯುದ್ಧ ತಂದ ಕಷ್ಟ, ಕಷ್ಟ ತಂದ ಕಾರ್ಖಾನೆ

ಆ ಕಾಲಕ್ಕೆ ಮೈಸೂರು ಮಾರುತ್ತಿದ್ದದ್ದು ಮರವನ್ನು ಮಾತ್ರ. ವರ್ಷಕ್ಕೊಮ್ಮೆ ಸರ್ಕಾರದ ಕೋಠಿಗಳಲ್ಲಿ ಗಂಧದ ಹರಾಜಾಗುತ್ತಿತ್ತು. ಅದರಲ್ಲಿ ದೊಡ್ಡ ಪಾಲು ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗುತ್ತಿತ್ತು. ಅಲ್ಲಿ ಎಣ್ಣೆ ಇಳಿಸಿ ಸುಗಂಧ ತಯಾರಕರಿಗೂ ಔಷಧ ಕಂಪನಿಗಳಿಗೂ ಮಾರುತ್ತಿದ್ದರು. ಪೆನ್ಸಿಲಿನ್ ಬರುವ ಮುಂಚಿನ ಆ ದಿನಗಳಲ್ಲಿ ಗಂಧದೆಣ್ಣೆ ಪಾಶ್ಚಾತ್ಯ ವೈದ್ಯರೂ ಬರೆದುಕೊಡುತ್ತಿದ್ದ ಮದ್ದು. ಮೂತ್ರಕೋಶದ ಸೋಂಕಿಗೆ, ಗೊನೋರಿಯಾ ರೋಗಕ್ಕೆ ಅದನ್ನು ಕೊಡುತ್ತಿದ್ದರು. ಬ್ರಿಟಿಷ್ ಔಷಧಕೋಶದಲ್ಲೂ ಅದಕ್ಕೆ ಜಾಗವಿತ್ತು. ಬೆಳೆದದ್ದು ಮೈಸೂರು, ಎಣ್ಣೆಯ ಲಾಭ ಮಾತ್ರ ಹೊರದೇಶದವರದು.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಜರ್ಮನಿಯ ದಾರಿ ಮುಚ್ಚಿತು. ಕೊಳ್ಳುವವರಿಲ್ಲದೆ ಕೋಠಿಗಳಲ್ಲಿ ಗಂಧ ರಾಶಿ ಬಿತ್ತು. ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದ ಆಲ್ಫ್ರೆಡ್ ಚಾಟರ್ಟನ್ ಮತ್ತು ದಿವಾನರು ಎಣ್ಣೆಯನ್ನು ಇಲ್ಲೇ ಇಳಿಸಬಹುದೇ ಎಂದು ವಿಜ್ಞಾನ ಸಂಸ್ಥೆಯನ್ನು ಕೇಳಿದರು. ಅಲ್ಲಿನ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಪ್ರಯೋಗ ನಡೆಸಿ ಒಳ್ಳೆಯ ಎಣ್ಣೆ ತೆಗೆದು ತೋರಿಸಿದರು. ಮಹಾರಾಜರ ಒಪ್ಪಿಗೆಯೊಂದಿಗೆ 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಶುರುವಾಯಿತು. 1917ರಲ್ಲಿ ಮೈಸೂರಿನಲ್ಲಿ ಇನ್ನೊಂದು ದೊಡ್ಡ ಕಾರ್ಖಾನೆ ಬಂತು.

ಇದರ ಹಿಂದೆಯೇ ಸೋಪು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಗಂಧದೆಣ್ಣೆ ಬೆರೆತ ಸೋಪನ್ನು ಸಿದ್ಧಪಡಿಸಿದರು. 1918ರ ಹೊತ್ತಿಗೆ ಅದು ಮಾರುಕಟ್ಟೆಗೆ ಬಂತು. ಆನೆಯ ತಲೆ, ಸಿಂಹದ ಮೈ ಇರುವ ಶರಭದ ಮುದ್ರೆ, ಮೊಟ್ಟೆಯಾಕಾರದ ಬಿಲ್ಲೆ ಎರಡೂ ಇಂದಿಗೂ ಉಳಿದಿವೆ. ಒಂದು ಕೊರಡನ್ನು ಹಾಗೆಯೇ ಮಾರುವುದಕ್ಕೂ ಅದರಿಂದ ಎಣ್ಣೆ ತೆಗೆದು, ಎಣ್ಣೆಯಿಂದ ಸೋಪು ಮಾಡಿ ಮಾರುವುದಕ್ಕೂ ಇರುವ ಅಂತರವನ್ನು ಮೈಸೂರು ಆಗಲೇ ಅರಿತುಕೊಂಡಿತ್ತು. ಔಷಧಿ ಸಸ್ಯಗಳ ವಿಷಯದಲ್ಲಿ ಇದು ಬಹಳ ದೊಡ್ಡ ಪಾಠ. ಕಾಡಿನಿಂದ ತಂದದ್ದನ್ನು ಮೂಟೆಗಟ್ಟಲೆ ಕಡಿಮೆ ಬೆಲೆಗೆ ಮಾರುವ ಊರು ಹಣಕ್ಕಾಗಿ ಮತ್ತೆ ಮತ್ತೆ ಕಾಡಿಗೇ ಹೋಗಬೇಕು. ಅದನ್ನೇ ಸಂಸ್ಕರಿಸಿ ಮಾರುವ ಊರಿಗೆ ಕಡಿಮೆ ಮರದಲ್ಲೇ ಹೆಚ್ಚು ಕೆಲಸ, ಹೆಚ್ಚು ಆದಾಯ.

ಕಾಡಿಗೆ ಬಂದ ರೋಗ

ಕಾರ್ಖಾನೆ ಬೆಳೆಯುತ್ತಿದ್ದಾಗಲೇ ಕಾಡಿನಲ್ಲಿ ಬೇರೆಯ ಅಪಾಯ ಕಾಣಿಸಿಕೊಂಡಿತ್ತು. 1899ರಲ್ಲಿ ಕೊಡಗಿನಲ್ಲಿ ಗಂಧದ ಮರಗಳ ಎಲೆ ಚಿಕ್ಕದಾಗಿ, ಮುಳ್ಳಿನಂತೆ ನೆಟ್ಟಗಾಗಿ, ಎರಡು ಮೂರು ವರ್ಷದಲ್ಲಿ ಮರವೇ ಒಣಗುವ ರೋಗ ಬೆಳಕಿಗೆ ಬಂತು. ಇಂಗ್ಲಿಷಿನಲ್ಲಿ ಇದನ್ನು ಸ್ಪೈಕ್ ರೋಗ ಎಂದರು. ಅದು ಮೈಸೂರಿಗೂ ಹಬ್ಬಿ ಲಕ್ಷಾಂತರ ಮರಗಳನ್ನು ತೆಗೆದುಕೊಂಡಿತು. ಕೋಲ್ಮನ್ ಅವರು ಅಭ್ಯಾಸ ಮಾಡಿ 1917ರಲ್ಲಿ ವರದಿ ಪ್ರಕಟಿಸಿದರು. ಮುಂದೆ ವಿಜ್ಞಾನ ಸಂಸ್ಥೆಯಲ್ಲಿ ಶ್ರೀನಿವಾಸಯ್ಯನವರೂ ಸಂಗಡಿಗರೂ ವರ್ಷಗಟ್ಟಲೆ ಇದರ ಹಿಂದೆ ಬಿದ್ದರು. ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು 1969ರಲ್ಲಿ. ಇಂದು ಅದನ್ನು ಫೈಟೋಪ್ಲಾಸ್ಮಾ ಎನ್ನುತ್ತಾರೆ. ಖಚಿತವಾದ ಔಷಧ ಇಂದಿಗೂ ಇಲ್ಲ. ರೋಗ ಬಂದ ಮರವನ್ನು ತೆಗೆಯುವುದು, ಒಳ್ಳೆಯ ಮರದ ಬೀಜ ಆರಿಸುವುದು, ಒಂದೇ ಜಾತಿಯನ್ನು ಒತ್ತೊತ್ತಾಗಿ ಬೆಳೆಸದಿರುವುದು ಇಷ್ಟೇ ನಮ್ಮ ಕೈಯಲ್ಲಿರುವುದು.

1938ರಲ್ಲಿ, ನಾಲ್ವಡಿಯವರು ತೀರಿಕೊಳ್ಳುವುದಕ್ಕೆ ಎರಡು ವರ್ಷ ಮೊದಲು, ಬೆಂಗಳೂರಿನಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯ ಹುಟ್ಟಿತು. ಮಲ್ಲೇಶ್ವರದಲ್ಲಿರುವ ಇಂದಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಅದರ ಮುಂದುವರಿಕೆ. ಗಂಧದ ಬೀಜ, ಸಸಿ, ಆಸರೆ ಗಿಡ, ತಿರುಳಿನ ಪರೀಕ್ಷೆ ಇವುಗಳ ಬಗ್ಗೆ ರೈತರಿಗೆ ತರಬೇತಿ ಕೊಡುವ ಸಂಸ್ಥೆಯೂ ಇದೇ.

ಬದಲಾಗದೆ ಉಳಿದ ಒಂದು ಕಾನೂನು

ನಾಲ್ವಡಿಯವರ ಆಡಳಿತ ಎಷ್ಟೋ ಹಳೆಯ ಕಟ್ಟುಗಳನ್ನು ಸಡಿಲಿಸಿತು. ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಸಿಗಬೇಕೆಂದು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಈ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದು ವಿಶ್ವೇಶ್ವರಯ್ಯನವರಂಥ ದಿವಾನರು ಅಧಿಕಾರ ಬಿಟ್ಟರೂ ಮಹಾರಾಜರು ಹಿಂದೆ ಸರಿಯಲಿಲ್ಲ. ಆದರೆ ಗಂಧದ ಮರದ ಒಡೆತನ ಮಾತ್ರ ಇದ್ದ ಹಾಗೆಯೇ ಉಳಿಯಿತು. ಕಾರಣ ಊಹಿಸುವುದು ಕಷ್ಟವಲ್ಲ. ಶಾಲೆ, ಆಸ್ಪತ್ರೆ, ಕಾಲುವೆ ಎಲ್ಲಕ್ಕೂ ಹಣ ಬೇಕಿತ್ತು, ಗಂಧ ಹಣ ತರುತ್ತಿತ್ತು. ಕಾವಲು ಬಿಗಿಯಾಗಿದ್ದ ಕಾಲದಲ್ಲಿ ಆ ಏರ್ಪಾಡು ಕಾಡಿನ ಮರಗಳನ್ನು ಉಳಿಸಿತು ಎಂಬುದೂ ನಿಜವೇ.

ರಾಜನ ಹಿಡಿತದ ಎರಡು ಮುಖವನ್ನು ನೋಡಬೇಕಾದರೆ ನಾವು ರಜೆಗೆ ಹೋಗುವ ಹವಾಯಿಯ ಕಥೆ ಕೇಳಬೇಕು. ಅಲ್ಲಿಯೂ ಗಂಧದ ಜಾತಿಯ ಮರಗಳಿವೆ, ಅಲ್ಲಿನವರು ಇಲಿಯಾಹಿ ಎನ್ನುತ್ತಾರೆ. ಅಮೆರಿಕದ ಹಡಗು ವ್ಯಾಪಾರಿಗಳು ಅದನ್ನು ಚೀನಾದ ಕ್ಯಾಂಟನ್ನಿಗೆ ಸಾಗಿಸುತ್ತಿದ್ದರು. ಮೊದಲನೆಯ ಕಮೆಹಮೆಹ ಅರಸನು ಆ ವ್ಯಾಪಾರವನ್ನು ತನ್ನ ಕೈಯಲ್ಲೇ ಇಟ್ಟುಕೊಂಡು ಎಳೆಯ ಮರ ಕಡಿಯದಂತೆ ತಡೆದಿದ್ದ. 1819ರಲ್ಲಿ ಅವನು ತೀರಿಕೊಂಡ ಮೇಲೆ ನಾಯಕರೆಲ್ಲ ಸಾಲ ಮಾಡಿ ವಿದೇಶಿ ಸಾಮಾನು ಕೊಂಡರು. ಸಾಲ ತೀರಿಸಲು 1826ರಲ್ಲಿ ಜನರ ಮೇಲೆ ಗಂಧದ ತೆರಿಗೆ ಹಾಕಿದರು. 1840ರ ಸುಮಾರಿಗೆ ಕಡಿಯಲು ಮರವೇ ಉಳಿದಿರಲಿಲ್ಲ. ಮರದ ಉಳಿವು ಒಬ್ಬ ಅರಸನ ಸಂಯಮವನ್ನೇ ನಂಬಿಕೊಂಡಿದ್ದರೆ ಆ ಅರಸನ ನಂತರ ಅದಕ್ಕೆ ಕಾವಲಿಲ್ಲ.

ನಾಲ್ವಡಿಯವರು 1940ರ ಆಗಸ್ಟ್ 3ರಂದು, ಐವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ತಮ್ಮನ ಮಗ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದರು. 1944ರಲ್ಲಿ ಶಿವಮೊಗ್ಗದಲ್ಲೂ ಗಂಧದೆಣ್ಣೆಯ ಕಾರ್ಖಾನೆ ತೆರೆಯಿತು. 1980ರಲ್ಲಿ ಸೋಪಿನ ಕಾರ್ಖಾನೆ ಮತ್ತು ಎಣ್ಣೆಯ ಕಾರ್ಖಾನೆಗಳು ಸೇರಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಸಂಸ್ಥೆಯಾಯಿತು.

ಬೆಲೆ ಏರಿತು, ಮರ ಇಳಿಯಿತು

ಹಳೆಯ ಒಡೆತನದ ಕಾನೂನು ಸ್ವಾತಂತ್ರ್ಯದ ನಂತರವೂ ಮುಂದುವರಿಯಿತು. ಕಾರ್ಖಾನೆಗಳಿದ್ದವು, ಬೇಡಿಕೆಯಿತ್ತು, ಬೆಲೆ ಏರುತ್ತಲೇ ಇತ್ತು. ನೆಡುವವರು ಮಾತ್ರ ಇರಲಿಲ್ಲ. ಕಾಡಿನಲ್ಲಿದ್ದ ಮರಗಳ ಮೇಲೆ ಕಳ್ಳರ ಕಣ್ಣು ಬಿತ್ತು. ವೀರಪ್ಪನ್ ಕಾಲದ ಕಥೆಗಳು ನಮಗೆಲ್ಲ ಗೊತ್ತಿರುವುದೇ. 1950ರ ದಶಕದಲ್ಲಿ ಭಾರತದಲ್ಲಿ ವರ್ಷಕ್ಕೆ ಸುಮಾರು 4,000 ಟನ್ ಗಂಧ ದೊರೆಯುತ್ತಿದ್ದರೆ, ಈ ಶತಮಾನದ ಮೊದಲ ದಶಕದಲ್ಲಿ ಅದು ಕೆಲವು ನೂರು ಟನ್ನಿಗೆ ಇಳಿಯಿತು. 1998ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಗಂಧವನ್ನು ಅಪಾಯಕ್ಕೆ ಒಳಗಾಗಬಹುದಾದ ಜಾತಿಗಳ ಪಟ್ಟಿಗೆ ಸೇರಿಸಿತು. ಅದೇ ಹೊತ್ತಿಗೆ ಆಸ್ಟ್ರೇಲಿಯಾದ ವಾಯವ್ಯ ಮೂಲೆಯ ಕುನನರಾ ಎಂಬಲ್ಲಿ ಇದೇ ಜಾತಿಯ ಗಂಧದ ದೊಡ್ಡ ತೋಟಗಳು ಏಳತೊಡಗಿದವು. ನಮ್ಮ ಮರವನ್ನು ಅಲ್ಲಿ ನೆಡಲು ಜನ ಮುಂದೆ ಬಂದರು, ಇಲ್ಲಿ ಕಿತ್ತು ಹಾಕುತ್ತಿದ್ದರು.

ಕೊನೆಗೆ 2001ರಲ್ಲಿ ಕರ್ನಾಟಕ ಸರ್ಕಾರ ಅರಣ್ಯ ಕಾಯಿದೆಗೆ ತಿದ್ದುಪಡಿ ತಂದಿತು. ಜಮೀನಿನಲ್ಲಿ ಬೆಳೆದ ಗಂಧದ ಮರಕ್ಕೆ ಜಮೀನಿನವನೇ ಒಡೆಯ ಎಂದಾಯಿತು. ಮರುವರ್ಷ ತಮಿಳುನಾಡೂ ಅದೇ ದಾರಿ ಹಿಡಿಯಿತು. ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕೆಂಬ ನಿಯಮ ಉಳಿದರೂ ಒಡೆತನದ ಭಯ ಹೋಯಿತು. ಅದಾದ ಮೇಲೆಯೇ ಕೋಲಾರ, ತುಮಕೂರು, ಚಿತ್ರದುರ್ಗದಂಥ ಒಣ ಸೀಮೆಗಳಲ್ಲೂ ರೈತರು ಗಂಧ ನೆಡಲು ಶುರುಮಾಡಿದರು. ನೆಟ್ಟವನಿಗೆ ಮರದಲ್ಲಿ ಪಾಲಿದ್ದರೆ ಅವನು ಅದನ್ನು ಕಾಯುತ್ತಾನೆ. ಎರಡು ಶತಮಾನದ ಅನುಭವ ಹೇಳುವುದು ಇಷ್ಟನ್ನೇ.

ನಮಗೆ ಇದರಿಂದ ಏನು?

ಊರಿನ ಜಮೀನಿನಲ್ಲಿ ಗಂಧ ಬೆಳೆಸುವ ಮನಸ್ಸಿರುವವರು ಕೆಲವು ವಿಷಯ ಗಮನದಲ್ಲಿಡಬೇಕು. ಅನಿವಾಸಿ ಭಾರತೀಯರೂ ಓಸಿಐ ಕಾರ್ಡ್ ಇರುವವರೂ ಭಾರತದಲ್ಲಿ ಸಾಮಾನ್ಯವಾಗಿ ಕೃಷಿ ಭೂಮಿ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಆದ್ದರಿಂದ ಗಂಧದ ತೋಟದಲ್ಲಿ ತುಂಡು ಜಾಗ ಮಾರುತ್ತೇವೆ, ಹತ್ತು ವರ್ಷದಲ್ಲಿ ಕೋಟಿ ಬರುತ್ತದೆ ಎನ್ನುವ ಜಾಹೀರಾತುಗಳನ್ನು ನಂಬುವ ಮುನ್ನ ವಕೀಲರನ್ನು ಕೇಳಿ. ಹತ್ತು ವರ್ಷದಲ್ಲಿ ಹೇಳಿಕೊಳ್ಳುವಂಥ ತಿರುಳು ಇರುವುದೇ ಇಲ್ಲ.

ಗಂಧವೊಂದನ್ನೇ ನೆಡಬೇಡಿ. ಸಸಿಯ ಪಕ್ಕದಲ್ಲಿ ಮೊದಲೆರಡು ವರ್ಷಕ್ಕೆ ತೊಗರಿ, ದೀರ್ಘಕಾಲಕ್ಕೆ ಹೊಂಗೆ, ಬೇವು, ಸರ್ವೆ, ನೆಲ್ಲಿಯಂಥ ಮರಗಳಿರಲಿ. ನೆಲ್ಲಿ, ಬೇವು ತಾವೇ ಔಷಧಿ ಮರಗಳು. ಗಂಧ ಬೆಳೆಯುವ ತನಕ ನಡುವೆ ಆದಾಯವನ್ನೂ ಕೊಡುತ್ತವೆ. ನೀರು ನಿಲ್ಲುವ ಜಾಗ ಗಂಧಕ್ಕೆ ಆಗದು. ಮರಗಳ ವಿವರವನ್ನು ಪಹಣಿಯಲ್ಲಿ ಬರೆಸಿಕೊಳ್ಳಿ, ಮುಂದೆ ಅನುಮತಿ ಕೇಳುವಾಗ ಅದು ಬೇಕಾಗುತ್ತದೆ. ತಿರುಳು ಕಟ್ಟಿದ ಮೇಲೆ ಕಳ್ಳರ ಭಯ ನಿಜವಾದದ್ದು. ಅಲ್ಲೇ ವಾಸಿಸುವ ಅಣ್ಣನೋ ಮಾವನೋ ನಂಬಿಕಸ್ಥ ರೈತನೋ ಇಲ್ಲದಿದ್ದರೆ ಇಲ್ಲಿಂದ ಗಂಧ ಕಾಯುವುದು ಆಗದ ಕೆಲಸ. ಹಾಗೆ ಕಾಯುವವರಿಗೆ ಕೂಲಿಯಷ್ಟೇ ಕೊಡದೆ ಮರದಲ್ಲಿ ಒಂದು ಪಾಲನ್ನೂ ಬರೆದು ಕೊಡಿ. ಸರ್ಕಾರ ಎರಡು ಶತಮಾನ ರೈತನಿಗೆ ಮಾಡಿದ್ದನ್ನೇ ದೂರದ ನಾವು ಊರಿನಲ್ಲಿರುವವರಿಗೆ ಮಾಡಬಾರದು.

ಇನ್ನು ಜಮೀನಿಲ್ಲದವರೂ ಮಾಡಬಹುದಾದ ಕೆಲಸವಿದೆ. ಗಂಧದೆಣ್ಣೆ, ಗಂಧದ ಕೊರಡು ಕೊಳ್ಳುವಾಗ ಎಲ್ಲಿಂದ ಬಂದದ್ದು ಎಂದು ಕೇಳಿ. ರಶೀದಿ ಇಲ್ಲದ, ಬೆಲೆ ತೀರಾ ಕಡಿಮೆಯಾದ ಕೊರಡು ಒಂದೋ ನಕಲಿ, ಇಲ್ಲವೇ ಯಾವುದೋ ಕಾಡಿನಿಂದ ಕದ್ದದ್ದು.

ನಾಲ್ವಡಿಯವರು ನೆಡಲು ಅನುವು ಮಾಡಿದ ವಿಜ್ಞಾನ, ಕಟ್ಟಿದ ಕಾರ್ಖಾನೆ ಇಂದಿಗೂ ನಮಗೆ ಉಪಯೋಗಕ್ಕೆ ಬರುತ್ತಿವೆ. ಅವರ ಕಾಲದಲ್ಲಿ ರೈತನಿಗೆ ದೊರೆಯದ ಒಡೆತನ ಈಗ ದೊರೆತಿದೆ. ಎರಡೂ ಒಟ್ಟಿಗೆ ಇರುವುದು ನಮ್ಮ ತಲೆಮಾರಿನಲ್ಲೇ ಮೊದಲು. ಈ ವರ್ಷ ಊರಿಗೆ ಹೋದಾಗ ಒಂದು ಗಂಧ, ಅದರ ಜೊತೆಗೊಂದು ಹೊಂಗೆ ನೆಟ್ಟು ಬನ್ನಿ. ಅದರ ತಿರುಳಿನ ವಾಸನೆ ನೋಡುವವರು ನಮ್ಮ ಮಕ್ಕಳು.